ಮುಂಡು ಇಳಿಸಿ ನಡೆದವರು

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ. ರೋಗಿಯನ್ನು ಆರು ನಿಮಿಷ ನಡೆಸುವುದರಲ್ಲಿ ಕಲಿಯಲಿಕ್ಕೆ ಏನಿದೆ ಮೇಡಂ, ಗಡಿಯಾರ ನೋಡಲು ಬಂದರೆ ಸಾಲದೇ ಎಂದು. ಸೇರಿದ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಎದೆರೋಗ ವಿಭಾಗದ ವರಾಂಡದಲ್ಲಿ ಜನರನ್ನು ನಡೆಸಿದೆ. ಈಗ ನಿವೃತ್ತಳಾಗಿ ಮೀಂಜದ ಮನೆಯಲ್ಲಿ ಕುಳಿತ ಮೇಲೂ ಆ ಆರು ನಿಮಿಷ ನನಗೆ ಸಲೀಸಾಗಿಲ್ಲ. ನಾನು ಹುಟ್ಟಾ ಅಂಜುಬುರುಕಿ ಎಂಬುದು ನಿಜ. ಗ್ಯಾಸು ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ಸಿಳಿದು ಮನೆಗೆ ವಾಪಸು ಬಂದವಳು. ನನ್ನ ಗಂಡ ಈಗಲೂ ಅದನ್ನು ನೆಂಟರ ಮುಂದೆ ಹೇಳಿ ನಗುತ್ತಾರೆ. ಆದರೆ ಈ ಕೆಲಸಕ್ಕೆ ನನ್ನಲ್ಲಿದ್ದ ಹೆದರಿಕೆಯೂ ಸಾಲದೇ ಹೋಯಿತು ಎಂದು ನಾನು ಹೇಳುತ್ತೇನೆ. ಯಾಕೆ ಎಂಬುದನ್ನು ಬರೆಯಲೆಂದೇ ಕುಳಿತದ್ದು.

ಪರೀಕ್ಷೆ ಎಂದರೆ ಇಷ್ಟೇ. ವರಾಂಡದ ನೆಲದಲ್ಲಿ ಮೂವತ್ತು ಮೀಟರ್ ಉದ್ದದ ಗೆರೆ, ಎರಡು ತುದಿಗೂ ಒಂದೊಂದು ಕೇಸರಿ ಬಣ್ಣದ ಕೋನು, ಒಂದು ತುದಿಯಲ್ಲಿ ಕುರ್ಚಿ. ರೋಗಿಯ ಬೆರಳಿಗೆ ಆಕ್ಸಿಜನ್ ಮತ್ತು ನಾಡಿ ತೋರಿಸುವ ಸಣ್ಣ ಕ್ಲಿಪ್ಪು. ಆರು ನಿಮಿಷದಲ್ಲಿ ತನ್ನಿಂದ ಆದಷ್ಟು ದೂರ ಹೋಗಿ ಬಂದು ಮಾಡಬೇಕು, ಬೇಕಾದರೆ ನಿಂತು ಸುಧಾರಿಸಿಕೊಳ್ಳಬಹುದು. ಕೊನೆಗೆ ದೂರ, ಆಕ್ಸಿಜನ್, ನಾಡಿ ಬರೆದುಕೊಳ್ಳುತ್ತೇವೆ. ಏದುಸಿರು ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ರೋಗಿಯೇ ಅಂಕ ಕೊಡುತ್ತಾನೆ. ದೊಡ್ಡ ಯಂತ್ರ ಇಲ್ಲ, ಸೂಜಿ ಇಲ್ಲ. ಆದರೆ ಆ ಹಾಳೆ ಹಿಡಿದುಕೊಂಡೇ ಡಾಕ್ಟರುಗಳು ಯಾರ ಎದೆ ಆಪರೇಷನ್ ತಾಳುತ್ತದೆ, ಯಾರದು ತಾಳುವುದಿಲ್ಲ ಎಂದು ಅಂದಾಜು ಮಾಡುತ್ತಾರೆ. ಹಾಳೆಯ ಕೆಳಗೆ ಇರುವುದು ನಮ್ಮ ಸಹಿ.

ಮೊದಮೊದಲು ನಮಗೆ ಅಷ್ಟು ಉದ್ದದ ವರಾಂಡವೇ ಇರಲಿಲ್ಲ. ಮರದ ಪೆಟ್ಟಿಗೆಯೊಂದನ್ನು ಹತ್ತಿ ಇಳಿಯುವ ಪರೀಕ್ಷೆ ಮಾಡಿಸುತ್ತಿದ್ದೆವು. ಆ ಪೆಟ್ಟಿಗೆಯನ್ನು ಮಾಡಿಕೊಟ್ಟ ಆಚಾರಿ, ಕಾಯಿಲೆಯವರು ಇಷ್ಟು ಎತ್ತರ ಹತ್ತುವುದುಂಟಾ ಎಂದು ಮರುಕಪಟ್ಟು ತಾನಾಗಿಯೇ ಎರಡು ಇಂಚು ತಗ್ಗಿಸಿದ್ದರು. ನಾನು ಅಳೆದು ನೋಡಿದ್ದು ಮೂರು ತಿಂಗಳ ನಂತರ. ಅಷ್ಟರವರೆಗೆ ನಮ್ಮ ರೋಗಿಗಳೆಲ್ಲ ಭಾರೀ ಗಟ್ಟಿಗರು ಎಂದು ನಾವು ಹಿಗ್ಗುತ್ತಿದ್ದೆವು.

ವರಾಂಡ ಸಿಕ್ಕಿದ ಮೇಲೆ ಬೇರೆ ತರಹದ ತಪ್ಪುಗಳು. ಆಸ್ಪತ್ರೆಯಲ್ಲಿ ಟೆಸ್ಟು ಎಂದರೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂಬುದು ನಮ್ಮ ಊರಿನ ನಂಬಿಕೆ. ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ಅಜ್ಜಿ ಹಿಂದಿನ ದಿನ ಸಂಜೆಯ ಗಂಜಿಯ ಮೇಲೆ ಒಂದು ಗುಟುಕು ನೀರೂ ಕುಡಿಯದೆ, ಎರಡು ಬಸ್ಸು ಬದಲಿಸಿ ಬಂದು, ಮೂರನೆಯ ನಿಮಿಷಕ್ಕೆ ನನ್ನ ಕೈಯ ಮೇಲೆಯೇ ಒರಗಿದರು. ಹೃದಯ ನಿಂತಿತು ಎಂದೇ ತಿಳಿದು ನಾನು ಬೊಬ್ಬೆ ಹಾಕಿದೆ. ಡಾಕ್ಟರು ಓಡಿ ಬಂದು ನೋಡಿದರೆ ಅಜ್ಜಿಗೆ ಬೇಕಾದದ್ದು ಸಕ್ಕರೆ ಹಾಕಿದ ಚಹಾ ಮತ್ತು ಎರಡು ಬನ್ನು. ಅಂದಿನಿಂದ ನನ್ನ ಮೊದಲ ಪ್ರಶ್ನೆ ಊಟ ತಿಂಡಿಯದು.

ಚಪ್ಪಲಿಯ ಕಥೆಯೂ ಹಾಗೆಯೇ. ಹೊಳೆಯುವ ನೆಲ ಕಂಡರೆ ನಮ್ಮವರು ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ನಯವಾದ ಟೈಲಿನ ಮೇಲೆ ಬರಿಗಾಲಿನಲ್ಲಿ ಜಾರುವ ಭಯದಿಂದ ಬೆರಳೂರಿ ನಡೆದರೆ ದೂರ ಎಲ್ಲಿಂದ ಬರಬೇಕು? ಚಪ್ಪಲಿ ಹಾಕಿಕೊಂಡೇ ನಡೆಯಿರಿ ಎಂದು ಕನ್ನಡ, ಮಲಯಾಳಂ ಎರಡರಲ್ಲೂ ಬೋರ್ಡು ಬರೆಸಿದೆ. ಬೋರ್ಡಿನ ಬುಡದಲ್ಲಿಯೇ ಚಪ್ಪಲಿಗಳು ಸಾಲಾಗಿ ನಿಂತಿರುತ್ತಿದ್ದವು.

ಇವೆಲ್ಲ ನಗುವ ವಿಷಯಗಳು. ಮುಂದಿನದು ಹಾಗಲ್ಲ.

ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಬೋವಿಕಾನದಿಂದ ಅಂದುಞ್ಞಿ ಎಂಬವರು ಬಂದರು. ಪ್ರಾಯ ಅರವತ್ತೆರಡು. ಹಿಂದೆ ಗಲ್ಫಿನಲ್ಲಿ ಇದ್ದು ಬಂದು, ಈಗ ಪೇಟೆಯಲ್ಲಿ ಚಿಕ್ಕ ದಿನಸಿ ಅಂಗಡಿ ಇಟ್ಟುಕೊಂಡಿದ್ದವರು. ಜೊತೆಯಲ್ಲಿ ಮಗಳು ಸಫಿಯಾ. ಬಲಗಡೆಯ ಶ್ವಾಸಕೋಶದಲ್ಲಿ ಒಂದು ಗಡ್ಡೆ ಕಂಡಿತ್ತು, ಅದು ಕೆಟ್ಟ ಗಡ್ಡೆಯೇ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಹರಡಿರಲಿಲ್ಲ. ಆ ಭಾಗವನ್ನು ಕತ್ತರಿಸಿ ತೆಗೆದರೆ ಬದುಕಬಹುದು. ಆದರೆ ಹಳೆಯ ಬೀಡಿಯಿಂದಾಗಿ ಉಳಿದ ಶ್ವಾಸಕೋಶವೂ ಅಷ್ಟಕ್ಕಷ್ಟೆ. ಊದುವ ಪರೀಕ್ಷೆಯ ಫಲಿತಾಂಶ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ಇತ್ತು. ಹಾಗಾಗಿ ಮಂಗಳೂರಿನ ಸರ್ಜನರು ನಮ್ಮಲ್ಲಿ ನಡೆಸಿ ನೋಡಲು ಬರೆದಿದ್ದರು. ನಾನೂರು ಮೀಟರಾದರೂ ನಡೆದರೆ ಕೈಹಾಕುವ ಧೈರ್ಯ ಬರುತ್ತದೆ ಎಂಬುದು ಅವರ ಪತ್ರದ ಸಾರ.

ಅಂದುಞ್ಞಿಚ್ಚ, ನಮ್ಮಲ್ಲಿ ಹಿರಿಯ ಬ್ಯಾರಿ ಮುಸಲ್ಮಾನರನ್ನು ಇಚ್ಚ ಎಂದು ಸೇರಿಸಿಯೇ ಕರೆಯುವುದು, ಮುನ್ನೂರ ಹದಿನೆಂಟು ಮೀಟರ್ ನಡೆದರು. ಒಂದು ಸಲವೂ ನಿಲ್ಲಲಿಲ್ಲ. ತಲೆ ತಗ್ಗಿಸಿಕೊಂಡು, ಹೆಣ್ಣು ನೋಡಲು ಹೋದ ಮನೆಯ ಚಾವಡಿಯಲ್ಲಿ ನಡೆದಂತೆ ನಡೆದು ಮುಗಿಸಿದರು. ಏದುಸಿರಿಗೆ ಅಂಕ ಕೇಳಿದರೆ ಒಂದು ಎಂದರು. ನಾಡಿ ಎಂಬತ್ತನಾಲ್ಕು ಇದ್ದದ್ದು ತೊಂಬತ್ತೆರಡಕ್ಕೆ ಬಂದಿತ್ತು, ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲಿ. ಇನ್ನು ಆಗುವುದಿಲ್ಲ ಎನ್ನುವಷ್ಟು ನಡೆದವನ ನಾಡಿ ಎಂಟೇ ಬಡಿತ ಏರುವುದುಂಟೇ? ಎದೆ ಸೋತು ನಿಧಾನವಾದವನಿಗೆ ಉಬ್ಬಸ ಇರಬೇಡವೇ? ಇದು ನನಗೆ ಆಗಲೇ ಕಂಡಿತ್ತು. ಹಾಳೆ ಹಿಡಿದುಕೊಂಡು ನಮ್ಮ ವಿಭಾಗದ ಮುಖ್ಯಸ್ಥ ಜೋಸೆಫ್ ಡಾಕ್ಟರರ ಬಾಗಿಲ ತನಕ ಹೋದೆ. ತೆಂಕಣ ಕೇರಳದವರು, ಕೆಲಸದಲ್ಲಿ ಕತ್ತಿಯ ಹಾಗೆ, ಮಾತಿನಲ್ಲಿಯೂ ಹಾಗೆಯೇ. ಒಳಗೆ ನಲುವತ್ತು ರೋಗಿಗಳು ಕಾಯುತ್ತಿದ್ದರು. ಅನುಮಾನ ಹೇಳಲು ಹೋದರೆ ಬೈಸಿಕೊಳ್ಳುತ್ತೇನೆ ಎಂಬ ಹೆದರಿಕೆಯಿಂದ, ಕಾಲಿನಲ್ಲಿ ಶಕ್ತಿ ಇಲ್ಲದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸಹಿ ಹಾಕಿಬಿಟ್ಟೆ. ಹೆದರಬೇಕಾದಲ್ಲಿ ಹೆದರದೆ, ಹೆದರಬಾರದ ಕಡೆ ಹೆದರಿದೆ.

ಹದಿನೈದು ದಿನ ಕಳೆದು ಸಫಿಯಾ ಔಷಧದ ಚೀಟಿ ನವೀಕರಿಸಲು ಬಂದಳು. ಸರ್ಜನರು ಬೇಡ ಎಂದಿದ್ದರಂತೆ. ನಡಿಗೆ ತೀರಾ ಕಡಿಮೆ, ಟೇಬಲಿನ ಮೇಲೆಯೇ ಏನಾದರೂ ಆದೀತು, ಬೇರೆ ಚಿಕಿತ್ಸೆ ನೋಡುವ ಎಂದರಂತೆ.

"ಬೇರೆ ಚಿಕಿತ್ಸೆ ಅಂದ್ರೆ ಎಂತ ಸಿಸ್ಟರೇ? ಅದರಲ್ಲಿ ಉಪ್ಪನಿಗೆ ಪೂರಾ ಗುಣ ಆಗ್ತದಾ, ಅಲ್ಲ ಸುಮ್ನೆ ಹೇಳುವುದಾ?" ಎಂದು ಅಪ್ಪನ ಬಗ್ಗೆ ಕೇಳಿದಳು.

ನಾನು ನರ್ಸಲ್ಲ. ಆದರೆ ಬಿಳಿ ಕೋಟು ಹಾಕಿದ ಹೆಂಗಸರೆಲ್ಲ ನಮ್ಮ ಜನರಿಗೆ ಸಿಸ್ಟರೇ. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಡಾಕ್ಟರರಲ್ಲಿ ಕೇಳು ಎಂದು ಜಾರಿಕೊಂಡಿರಬೇಕು.

ಮರುವಾರ ಸಹೋದ್ಯೋಗಿಯೊಬ್ಬಳ ಹೊಸ ಮನೆಯ ಒಕ್ಕಲಿಗೆ ಹೋಗುವಾಗ ನನ್ನ ಬಸ್ಸು ಬೋವಿಕಾನದಲ್ಲಿ ನಿಂತಿತ್ತು. ಕಿಟಕಿಯಿಂದ ನೋಡಿದರೆ ಅಂದುಞ್ಞಿಚ್ಚ ಎದುರಿನ ಏರುದಾರಿಯಲ್ಲಿ ಹೋಗುತ್ತಿದ್ದಾರೆ. ಕಂಕುಳಲ್ಲಿ ಕೊಡೆ, ಉಟ್ಟ ಮುಂಡು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ್ದಾರೆ, ಮೊಬೈಲು ನೋಡುತ್ತ ನಡೆಯುವ ಇಬ್ಬರು ಯುವಕರನ್ನು ಹಿಂದೆ ಹಾಕಿ ದಾಪುಗಾಲು ಹಾಕುತ್ತಿದ್ದಾರೆ. ಮೊದಲು ಬೇರೆ ಯಾರೋ ಎಂದುಕೊಂಡೆ. ಅಷ್ಟರಲ್ಲಿ ಮೇಲಿನಿಂದ ಮದ್ರಸದ ವಯಸ್ಸಾದ ಉಸ್ತಾದರು ಇಳಿದು ಬಂದರು. ಅಂದುಞ್ಞಿಚ್ಚನ ಕೈ ತನ್ನಷ್ಟಕ್ಕೇ ಸೊಂಟಕ್ಕೆ ಹೋಗಿ ಮಡಿಕೆ ಬಿಚ್ಚಿತು. ಮುಂಡು ಪಾದದವರೆಗೆ ಇಳಿಯಿತು. ನಡಿಗೆ ಅರ್ಧಕ್ಕೆ ಅರ್ಧ ಆಯಿತು. ತಲೆ ತಗ್ಗಿತು. ಸಲಾಂ ಹೇಳಿ ದಾಟಿದ ಮೇಲೆ ಮುಂಡು ಮತ್ತೆ ಮೇಲೆ, ನಡಿಗೆ ಮತ್ತೆ ಮೊದಲಿನಂತೆ.

ವರಾಂಡದ ತುದಿಯಲ್ಲಿ ಕುರ್ಚಿ ಹಾಕಿ ಕುಳಿತವಳು ನಾನು. ಬಿಳಿ ಕೋಟಿನ ಹೆಂಗಸಿನ ಎದುರು ಮುಂಡು ಮಡಚಿ ನಡೆಯುವ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ಹಿಂದುವಾಗಲಿ ಬ್ಯಾರಿಯಾಗಲಿ, ದೊಡ್ಡವರ ಮುಂದೆ ಮುಂಡು ಇಳಿಸುವುದು ಎಂದರೆ ಕೈಮುಗಿದ ಹಾಗೆಯೇ. ಇಳಿಸಿದ ಮುಂಡಿನಲ್ಲಿ ಉದ್ದ ಹೆಜ್ಜೆ ಬೀಳುವುದಿಲ್ಲ, ಕಾಲಿಗೆ ಸುತ್ತಿಕೊಳ್ಳುತ್ತದೆ. ನನ್ನ ಅಪ್ಪನೂ ಹಾಗೆಯೇ ಮಾಡುತ್ತಿದ್ದರು, ನಾನು ನೂರು ಸಲ ನೋಡಿದ್ದೇನೆ. ಆದರೂ ಹೊಳೆಯಲಿಲ್ಲ. ಆ ಒಕ್ಕಲಿನ ಊಟದಲ್ಲಿ ಎಲೆಯ ಮುಂದೆ ಕುಳಿತು ಏನು ತಿಂದೆನೋ ದೇವರೇ ಬಲ್ಲ.

ಮರುದಿನ ಬೆಳಗ್ಗೆ ಒ.ಪಿ. ಶುರುವಾಗುವ ಮೊದಲೇ ಜೋಸೆಫ್ ಡಾಕ್ಟರರ ಮುಂದೆ ನಿಂತೆ. ನನ್ನ ಟೆಸ್ಟು ತಪ್ಪು ಎಂದು ನಾನೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಾಡಿಯ ಲೆಕ್ಕ ನೋಡಿದರು. ಈ ಅನುಮಾನ ಸಹಿ ಹಾಕುವ ಮೊದಲು ಎಲ್ಲಿ ಹೋಗಿತ್ತು ಎಂದು ಮಲಯಾಳದಲ್ಲಿ ಕೇಳಿದರು. ಪೆನ್ನು ತಿರುಗಿಸುತ್ತ ಅವರು ಮುಂದೆ ಹೇಳಿದ ಮಾತನ್ನು ನಾನು ಎಲ್ಲ ಹೊಸಬರಿಗೂ ಹೇಳುತ್ತ ಬಂದಿದ್ದೇನೆ.

"ಎರಡನೆಯ ಸಲ ನಡೆದರೆ ಯಾರಾದರೂ ತುಸು ಹೆಚ್ಚೇ ನಡೆಯುತ್ತಾರೆ. ನೀವು ಅವರನ್ನು ಪರೀಕ್ಷೆ ಮಾಡಲು ಹೊರಟಿದ್ದೀರೋ, ಪಾಸು ಮಾಡಿಸಲು ಹೊರಟಿದ್ದೀರೋ? ಮೊದಲು ಅದನ್ನು ತೀರ್ಮಾನ ಮಾಡಿ ಬನ್ನಿ."

ಅದೇ ನನ್ನನ್ನು ತಿನ್ನುತ್ತಿದ್ದ ಹುಳ. ಹಳೆಯ ಹಾಳೆ ಹಾಗೆಯೇ ಇದ್ದರೆ ಗಡ್ಡೆ ಬೆಳೆದು ಆತ ಹೋಗುತ್ತಾರೆ. ಪಾಪ ಎಂದು ಹುರಿದುಂಬಿಸಿ ನಾನೂರು ದಾಟಿಸಿದೆ ಎನ್ನಿ, ಆಪರೇಷನ್ ಟೇಬಲಿನ ಮೇಲೆಯೇ ಹೋದರೆ? ಯಾವ ಕಡೆಯಿಂದ ನೋಡಿದರೂ ಆ ಜೀವ ನನ್ನ ಕುರ್ಚಿಯ ಕೆಳಗೆ ಬಂದು ಕುಳಿತ ಹಾಗಾಗಿತ್ತು. ಆ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಾವಾಗಲೂ ತಮಾಷೆ ಮಾಡುವ ಗಂಡ ಆಗ ಮಜ್ಜಿಗೆ ಬೆರೆಸಿ ಉಂಡು ಎದ್ದರು.

ಸಫಿಯಾಳಿಗೆ ಫೋನು ಮಾಡಿ ಅಪ್ಪನನ್ನು ಇನ್ನೊಮ್ಮೆ ಕರೆತರಲು ಹೇಳಿದೆ. ಬಂದರು. ಚಹಾ ತಿಂಡಿ ಆಗಿದೆಯೇ, ಎದೆನೋವು ಉಂಟೇ ಎಂದೆಲ್ಲ ಕೇಳಿ, ಅರ್ಧ ಗಂಟೆ ಕೂರಿಸಿ, ಕೊನೆಗೆ ನಾಚಿಕೆ ಬಿಟ್ಟು ಹೇಳಿದೆ. ಅಂದುಞ್ಞಿಚ್ಚ, ಇವತ್ತು ಮುಂಡು ಮೇಲೆ ಕಟ್ಟಿ ನಡೆಯಬೇಕು.

ಅವರ ಮುಖ ಕೆಂಪೇರಿತು. "ನಿಮ್ಮ ಎದುರು ಹೇಗೆ ಸಿಸ್ಟರೇ? ಹೆತ್ತ ಉಮ್ಮ ಕಲಿಸಿದ್ದು ಒಂದು ಉಂಟಲ್ಲ. ಪ್ರಾಯ ಆಯ್ತು ಅಂತ ಅದನ್ನು ಬಿಡ್ಲಿಕ್ಕೆ ಆಗ್ತದಾ?"

ಸರ್ಜನರು ಬೇಡ ಎಂದದ್ದು ಯಾಕೆ ಎಂಬುದನ್ನು ಸಫಿಯಾ ಅವರಿಗೆ ತಿಳಿಸಿರಲಿಲ್ಲ. ಆಪರೇಷನ್ ಮಾತು ಎತ್ತಿ ಒತ್ತಾಯಿಸಬಹುದಿತ್ತು. ಆದರೆ ಈ ನಡಿಗೆಯ ಮೇಲೆಯೇ ಆಪರೇಷನ್ ನಿಂತಿದೆ ಎಂದು ಗೊತ್ತಾದರೆ ಮನುಷ್ಯ ಪ್ರಾಣ ಒತ್ತೆಯಿಟ್ಟು ಓಡುತ್ತಾನೆ. ಅದೂ ಸುಳ್ಳು ಲೆಕ್ಕವೇ. ಗಂಡಸು ಸಿಬ್ಬಂದಿ ಯಾರೂ ಆ ಹೊತ್ತಿಗೆ ಬಿಡುವಿರಲಿಲ್ಲ. ನಾನು ಕುರ್ಚಿ ಎತ್ತಿ ಪಕ್ಕದ ಸ್ಟೋರ್ ರೂಮಿನ ಒಳಗೆ ಇಟ್ಟುಕೊಂಡೆ. ಬಾಗಿಲು ಒರಗಿಸಿದೆ. ಹೊರಗೆ ಕೋನಿನ ಹತ್ತಿರ ಗಾಲಿಕುರ್ಚಿ ಸಮೇತ ಸಫಿಯಾಳನ್ನು ನಿಲ್ಲಿಸಿ, ಉಪ್ಪ ವಾಲಿದರೆ, ಬೆವರಿದರೆ, ಎದೆ ಹಿಡಿದರೆ ಕೂಗು, ಕೋನು ಸುತ್ತಿದಾಗಲೆಲ್ಲ ಚೀಟಿಯಲ್ಲಿ ಒಂದು ಗೀಟು ಹಾಕು, ಬೇರೆ ಏನೂ ಮಾತಾಡಬೇಡ ಎಂದೆ. ಇದು ನಿಯಮದ ಪುಸ್ತಕದಲ್ಲಿ ಇಲ್ಲ. ನೀವು ಹೀಗೆ ಮಾಡಬೇಡಿ. ರೋಗಿಯಿಂದ ಕಣ್ಣು ತೆಗೆಯಬಾರದು ಎಂಬುದೇ ಮೊದಲ ಪಾಠ, ಅದನ್ನು ಮುರಿದ ಮೇಲೆ ಆರು ನಿಮಿಷ ನಾನು ಬಾಗಿಲ ಹಿಂದೆ ಅನುಭವಿಸಿದ್ದು ಶತ್ರುವಿಗೂ ಬೇಡ.

ಚಪ್ಪಲಿಯ ಸದ್ದು ಮಾತ್ರ ಕೇಳುತ್ತಿತ್ತು. ಮೊದಲ ಸುತ್ತು ನಿಧಾನವಾಗಿ. ಎರಡನೆಯದರಲ್ಲಿ ಸದ್ದು ಬದಲಾಯಿತು, ಹೆಜ್ಜೆ ಉದ್ದವಾಯಿತು, ಏರುದಾರಿಯ ಆ ನಡಿಗೆ. ನಿಮಿಷಕ್ಕೊಮ್ಮೆ ಒಳಗಿನಿಂದಲೇ, ಚೆನ್ನಾಗಿ ಆಗ್ತಾ ಉಂಟು, ಇನ್ನು ನಾಲ್ಕು ನಿಮಿಷ, ಇನ್ನು ಮೂರು ನಿಮಿಷ ಎಂದು ನಿಯಮದ ಮಾತುಗಳನ್ನಷ್ಟೇ ಹೇಳಿದೆ. ಒಂದು ಅಕ್ಷರ ಹೆಚ್ಚು ಆಡಲಿಲ್ಲ. ನಾಲ್ಕನೆಯ ನಿಮಿಷ ಕಳೆದು ಸದ್ದು ನಿಂತಿತು. ಸಫಿಯಾ ಕೂಗಲಿಲ್ಲ. ಬಾಗಿಲಿಗೆ ಕೈ ಹಾಕಿದೆ. ತೆರೆದರೆ ಟೆಸ್ಟು ಕೆಡುತ್ತದೆ, ತೆರೆಯದಿದ್ದರೆ ಆತ ಅಲ್ಲಿ ಬಿದ್ದಿದ್ದರೆ? ಗಡಿಯಾರದ ಮುಳ್ಳು ಹನ್ನೊಂದು ಸೆಕೆಂಡು ತಿರುಗಿತು. ಉಸಿರು ಎಳೆದುಕೊಳ್ಳುವ ಶಬ್ದ ಕೇಳಿತು. ಮತ್ತೆ ಚಪ್ಪಲಿ ಸದ್ದು.

ನಾನೂರ ಮೂವತ್ತೆಂಟು ಮೀಟರ್. ಹೊರಗೆ ಬಂದು ನೋಡಿದರೆ ನಾಡಿ ನೂರ ಇಪ್ಪತ್ತೆಂಟು, ಆಕ್ಸಿಜನ್ ತೊಂಬತ್ತಾರರಿಂದ ಎಂಬತ್ತೊಂಬತ್ತಕ್ಕೆ ಇಳಿದಿತ್ತು. ಅಂಕ ಕೇಳಿದರೆ ಮಾತು ಹೊರಡದೆ ಐದು ಬೆರಳು ತೋರಿಸಿದರು. ಮುಂಡು ಅಷ್ಟರಲ್ಲಿ ಪಾದಕ್ಕೆ ಇಳಿದಾಗಿತ್ತು.

ಸಂತೋಷ ಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ದೂರ ಹೆಚ್ಚಾಗಿತ್ತು, ಜೊತೆಗೆ ಆಕ್ಸಿಜನ್ ಇಳಿಯುವ ಗುಟ್ಟೂ ಹೊರಬಿದ್ದಿತ್ತು. ಮೊದಲ ಹಾಳೆ ಎರಡನ್ನೂ ಮುಚ್ಚಿಟ್ಟಿತ್ತು. ಜೋಸೆಫ್ ಡಾಕ್ಟರರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಈಗ ಗೊತ್ತಾಯಿತು, ಮನುಷ್ಯನಿಂದ ಎಷ್ಟಾಗುತ್ತದೆ, ಅದಕ್ಕೆ ಎಷ್ಟು ಬೆಲೆ ತೆರುತ್ತಾನೆ ಎಂದರು. ಎರಡನ್ನೂ ಕಳಿಸಿ, ಕಾರಣವನ್ನು ಒಂದಕ್ಷರ ಬಿಡದೆ ಬರೆಯಿರಿ ಎಂದರು. ಮುಂಡಿನ ವಿಷಯ, ಸ್ಟೋರ್ ರೂಮಿನ ವಿಷಯ, ನನ್ನ ಅವಸರದ ಸಹಿಯ ವಿಷಯ ಎಲ್ಲವನ್ನೂ ಒಬ್ಬ ದೊಡ್ಡ ಸರ್ಜನರಿಗೆ ಬರೆಯುವಾಗ ಮೂರು ಸಲ ಕಾಗದ ಬದಲಿಸಿದೆ. ಪತ್ರದ ಕೆಳಗೆ ಜೋಸೆಫ್ ಡಾಕ್ಟರರು ತಮ್ಮ ಸಹಿಯನ್ನೂ ಹಾಕಿದರು. ನನ್ನದಕ್ಕಿಂತ ಮೇಲೆ ಹಾಕಿದರು, ಮೊದಲ ಬೈಗುಳ ಅವರಿಗೆ ಬೀಳಲಿ ಎಂಬಂತೆ. ಕತ್ತಿಯಂಥ ಮನುಷ್ಯನ ಬಗ್ಗೆ ನನ್ನ ಅಭಿಪ್ರಾಯ ಅಂದು ಬದಲಾಯಿತು.

ಸರ್ಜನರು ಮಂಗಳೂರಿನಲ್ಲಿ ಇನ್ನೂ ದೊಡ್ಡ ಪರೀಕ್ಷೆ ಮಾಡಿಸಿ, ಮೂರು ವಾರ ಉಸಿರಾಟದ ವ್ಯಾಯಾಮ ಮಾಡಿಸಲು ನನಗೇ ಒಪ್ಪಿಸಿ, ಆಮೇಲೆ ದಿನ ಗೊತ್ತು ಮಾಡಿದರು. ಆ ದಿನ ನಾನು ಕೆಲಸಕ್ಕೆ ಹೋಗಿ ಯಾರನ್ನೂ ನಡೆಸಲಿಲ್ಲ. ಮೊಬೈಲು ಮೇಜಿನ ಮೇಲಿಟ್ಟು ನೋಡುತ್ತಲೇ ಇದ್ದೆ. ಮಧ್ಯಾಹ್ನ ಎರಡಾಯಿತು, ಮೂರಾಯಿತು. ಇಷ್ಟು ಹೊತ್ತಾದರೆ ಕೆಟ್ಟ ಸುದ್ದಿಯೇ ಎಂದು ಮನಸ್ಸು ಹೇಳುತ್ತಿತ್ತು. ನಾಲ್ಕು ಕಳೆದು ಸಫಿಯಾಳ ಫೋನು ಬಂತು. ಆಪರೇಷನ್ ಆಯ್ತು, ಉಪ್ಪ ಕಣ್ಣು ಬಿಟ್ರು ಎಂದಳು. ಆಮೇಲೆ ಆರು ದಿನ ಆಕ್ಸಿಜನಿನಲ್ಲಿಯೇ ಇದ್ದರು, ನಡುವೆ ಒಂದು ದಿನ ಜ್ವರ ಬಂದು ನನ್ನ ಅರ್ಧ ಜೀವ ಹೋಗಿತ್ತು. ಕೊನೆಗೆ ಮನೆಗೆ ಬಂದರು. ಈಗಲೂ ಅಂಗಡಿಯಲ್ಲಿ ಕೂರುತ್ತಾರೆ, ಏರುದಾರಿಯಲ್ಲಿ ಮಾತ್ರ ಒಂದೆರಡು ಕಡೆ ನಿಲ್ಲುತ್ತಾರಂತೆ.

ನಮ್ಮ ಹಾಳೆಯಲ್ಲಿ ಆ ಮೇಲೆ ಉಡುಪು ಎಂಬ ಒಂದು ಹೊಸ ಸಾಲು ಸೇರಿತು. ಮುಂಡು ಉಟ್ಟವರಿಗೆ ಕೊಡಲು ಅಳತೆಗೆ ತಕ್ಕ ಪೈಜಾಮ ತರಿಸಿದೆವು. ನಾಡಿ ಏರದೆ ದೂರ ಕಡಿಮೆಯಾದರೆ ಸಹಿ ಇಲ್ಲ, ಇನ್ನೊಮ್ಮೆ ನಡಿಗೆ ಎಂದು ಜೋಸೆಫ್ ಡಾಕ್ಟರರು ನಿಯಮ ಮಾಡಿದರು. ಈಗ ಸೇರುವವರಿಗೆ ಇವೆಲ್ಲ ಮೊದಲಿನಿಂದಲೂ ಇದ್ದದ್ದು ಎಂದೇ ಅನಿಸುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಅಂದುಞ್ಞಿಚ್ಚ ಮನೆಗೆ ಬಂದ ಸುದ್ದಿ ತಿಳಿದ ದಿನ ನನಗೆ ಒಂದು ಯೋಚನೆ ಹತ್ತಿಕೊಂಡಿತು. ಅವರೊಬ್ಬರೇ ಮುಂಡು ಇಳಿಸಿದವರೇ? ಡಾಕ್ಟರರ ಒಪ್ಪಿಗೆ ಕೇಳಿ ಹಳೆಯ ರಿಜಿಸ್ಟರುಗಳನ್ನು ಕಪಾಟಿನಿಂದ ಇಳಿಸಿದೆ. ಗಂಡಸರು, ದೂರ ಕಡಿಮೆ, ನಾಡಿ ಏರಿಲ್ಲ, ಆಪರೇಷನ್ ಬೇಡ ಎಂದು ತೀರ್ಮಾನ. ಹೀಗೆ ಹುಡುಕಿದಾಗ ಹನ್ನೊಂದು ಹೆಸರು ಸಿಕ್ಕಿತು. ಇವರೆಲ್ಲರೂ ಮುಂಡಿನಿಂದಲೇ ಸೋತರು ಎನ್ನಲು ನನ್ನಲ್ಲಿ ಆಧಾರ ಇಲ್ಲ. ಅಲ್ಲ ಎನ್ನಲೂ ಇಲ್ಲ. ಇರುವವರನ್ನು ಕರೆಸಿ ಮತ್ತೊಮ್ಮೆ ನಡೆಸುವುದು ಎಂದು ನಿಶ್ಚಯವಾಯಿತು. ಫೋನು ಮಾಡುವ ಕೆಲಸ ನನ್ನದೇ ಎಂದು ಹೇಳಿ ತೆಗೆದುಕೊಂಡೆ.

ಮೊದಲ ಹೆಸರು ಅಗಲ್ಪಾಡಿಯ ಐತಪ್ಪ, ಕೆಂಪು ಕಲ್ಲು ಕಡಿಯುವ ಕೆಲಸ ಮಾಡಿದವರು. ಅವರ ಹೆಂಡತಿ ಫೋನು ಎತ್ತಿದರು. ಆಸ್ಪತ್ರೆಯಿಂದ, ನಡೆಸುವ ಸಿಸ್ಟರ್ ಎಂದು ತುಳುವಿನಲ್ಲಿ ಹೇಳಿದ ಕೂಡಲೇ ಗುರುತು ಸಿಕ್ಕಿತು ಅವರಿಗೆ.

"ಅವರು ಹೋಗಿ ಮೂರು ವರ್ಷ ಆಯ್ತಲ್ಲ ಅಕ್ಕ. ನಿಮ್ಮಲ್ಲಿಂದ ಬಂದ ಮೇಲೆ ಒಂದು ಮಳೆಗಾಲ ಇದ್ರು, ಅಷ್ಟೆ. ಎಂತ ವಿಷಯ?"

ವಿಷಯ ಬಾಯಿಯವರೆಗೆ ಬಂದಿತ್ತು. ಹೇಗಿದ್ದಾರೆ ಎಂದು ಕೇಳುವ ಅಂತ ಮಾಡಿದ್ದು ಎಂದುಬಿಟ್ಟೆ.

ಆಕೆ ಹೇಳಿದರು. "ಇಷ್ಟು ಕಾಲ ಆದ ಮೇಲೆಯೂ ಕೇಳಿದಿರಲ್ಲ, ದೇವರು ನಿಮ್ಮನ್ನು ಚೆನ್ನಾಗಿ ಇಡಲಿ. ಅವರು ಯಾವಾಗಲೂ ನಿಮ್ಮ ವಿಷಯ ಹೇಳ್ತಿದ್ರು. ಆ ಸಿಸ್ಟರ್ ಭಾರೀ ಒಳ್ಳೆಯವರು, ನಾನು ಎಷ್ಟು ನಿಧಾನ ನಡೆದರೂ ಒಂದು ಮಾತು ಹೇಳಲಿಲ್ಲ ಅಂತ."

ನಾನು ಹೂಂ ಎಂದೆ. ಪಟ್ಟಿಯ ಎರಡನೆಯ ಹೆಸರಿಗೆ ಫೋನು ಮಾಡಲು ನನಗೆ ನಾಲ್ಕು ದಿನ ಬೇಕಾಯಿತು.